ಚಿನ್ನ ಕಂಡವರಿಗೆ ಒಲೆ ಕಾಣಲಿಲ್ಲ

ಡೊಂಬಿವಲಿಯಿಂದ ಮುಂಬಯಿಗೆ ದಿನವೂ ಹೋಗಿ ಬರುವ ಕನ್ನಡಿಗರಿಗೆ ಕೆಲವು ವರ್ಷಗಳಿಂದ ಲೋಕಲ್ ಗಾಡಿಯಲ್ಲಿ ಒಂದು ಹೊಸ ಗುರುತು ದೊರೆತಿದೆ. ಮೊದಲೆಲ್ಲ ನಾವು ಕನ್ನಡಿಗರೆಂದು ತಿಳಿದೊಡನೆ ಸಹಪ್ರಯಾಣಿಕರು ಇಡ್ಲಿ-ದೋಸೆಯ ಮಾತೆತ್ತುತ್ತಿದ್ದರು. ಸ್ವಲ್ಪ ರಸಿಕರಾದರೆ ಭೀಮಸೇನ ಜೋಶಿಯವರ ಹೆಸರು ಹೇಳುತ್ತಿದ್ದರು. ಈಗ ಕೇಳುವುದೇ ಬೇರೆ: "ತುಮಚ್ಯಾಕಡೆ ಖರಂಚ್ ಇತಕಂ ಸೋನಂ ಆಹೇ ಕಾ?" ನಿಮ್ಮ ಕಡೆ ನಿಜವಾಗಿಯೂ ಅಷ್ಟೊಂದು ಚಿನ್ನವಿದೆಯೆ?

ಈ ಪ್ರಶ್ನೆಗೆ ಕಾರಣ ಎಲ್ಲರಿಗೂ ಗೊತ್ತಿದೆ. 2018ರ ಡಿಸೆಂಬರಿನಲ್ಲಿ ತೆರೆಕಂಡ 'ಕೆ.ಜಿ.ಎಫ್.' ಚಿತ್ರ ಮತ್ತು 2022ರ ಏಪ್ರಿಲಿನಲ್ಲಿ ಬಂದ ಅದರ ಎರಡನೆಯ ಭಾಗ, ಕೋಲಾರದ ಹೆಸರನ್ನು ಠಾಣೆ-ಕಲ್ಯಾಣಗಳ ಮನೆಮನೆಗೂ ಮುಟ್ಟಿಸಿದವು. ಕನ್ನಡದ ಒಂದು ಚಿತ್ರ ಹಿಂದಿಯಲ್ಲಿ ಮಾತನಾಡಿ, ಮರಾಠಿ ನೆರೆಯವರನ್ನೂ ಸೀಟಿನ ತುದಿಗೆ ತಂದು ಕೂರಿಸಿತೆಂದರೆ ಪರನಾಡಿನಲ್ಲಿರುವ ನಮಗೆ ಹೆಮ್ಮೆಯಾಗುವುದು ಸಹಜ. ಕಥಾನಾಯಕ ರಾಕಿ ಬೆಳೆದು ದೊಡ್ಡವನಾಗುವುದೂ ಮುಂಬಯಿಯಲ್ಲೇ ಅಲ್ಲವೆ? ಆದರೆ ಗಾಡಿಯಲ್ಲಿ ಎದುರಾದ ಆ ಪ್ರಶ್ನೆಗೆ ಉತ್ತರ ಕೊಡುವಾಗ ಮಾತ್ರ ನಮ್ಮಲ್ಲಿ ಹಲವರು ತಡವರಿಸುತ್ತೇವೆ. ಇದೆ ಎಂದರೆ, ಕೋಲಾರದ ಗಣಿ 2001ರ ಫೆಬ್ರವರಿ 28ರಂದೇ ಮುಚ್ಚಿಹೋಯಿತು. ಇಲ್ಲ ಎಂದರೆ, ಹಾಗಾದರೆ ಅಲ್ಲಿ ಏನಿದೆ ಎಂಬ ಮರುಪ್ರಶ್ನೆ ಸಿದ್ಧವಾಗಿರುತ್ತದೆ. ಅಲ್ಲಿ ಜನರಿದ್ದಾರೆ ಎಂಬ ಉತ್ತರ ನಮಗೆ ಹೊಳೆಯುವುದೇ ಇಲ್ಲ.

ಏಕೆ ಹೊಳೆಯುವುದಿಲ್ಲವೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಗಣಿಯನ್ನು ಕುರಿತು ಚಿತ್ರ ಬರಲಿ, ಕಾದಂಬರಿ ಬರಲಿ, ಇತಿಹಾಸ ಬರಲಿ, ಅದನ್ನು ಒಂದು ಸರಳ ಪ್ರಶ್ನೆಯಿಂದ ಪರೀಕ್ಷಿಸಬಹುದೆಂದು ನನಗೆ ತೋರುತ್ತದೆ. ಪಾಳಿ ಮುಗಿಸಿ ಭೂಮಿಯ ಮೇಲಕ್ಕೆ ಬಂದ ಮನುಷ್ಯ ಮನೆಗೆ ಹೋಗಿ ಏನು ಮಾಡಿದ? ಎಲ್ಲಿ ಮೈ ತೊಳೆದ, ಏನು ಉಂಡ, ಎಷ್ಟು ಜನರ ನಡುವೆ ಮಲಗಿದ? ಅವನ ಮನೆಯಾಕೆ ಆ ದಿನ ಒಲೆ ಹೊತ್ತಿಸಿದ್ದು ಯಾವುದರಿಂದ?

* * *

'ಕೆ.ಜಿ.ಎಫ್.' ಚಿತ್ರಕ್ಕೆ ಈ ಪ್ರಶ್ನೆ ಹಾಕುವುದು ಅನ್ಯಾಯವೆಂದು ಕೆಲವರು ಹೇಳಬಹುದು. ಅದು ಕಟ್ಟುಕಥೆ, ಅದರ ನರಾಚಿ ಗಣಿ ಕಲ್ಪನೆಯ ಗಣಿ. ನಿರ್ದೇಶಕ ಪ್ರಶಾಂತ್ ನೀಲ್ ಇತಿಹಾಸ ಹೇಳುತ್ತೇನೆಂದು ಪ್ರಮಾಣ ಮಾಡಿದವರಲ್ಲ. ಧೂಳು, ಕತ್ತಲೆ, ಬೆಂಕಿಗಳನ್ನು ಬೆರೆಸಿ ಅವರು ಕಟ್ಟಿದ ಲೋಕಕ್ಕೆ ಒಂದು ಬಿಗಿ ಇದೆ. ನಿಜವಾದ ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳ ಮೇಲೆಯೇ ಚಿತ್ರೀಕರಣ ನಡೆದದ್ದರಿಂದ ಆ ಬೂದುಬಣ್ಣಕ್ಕೆ ನಂಬಿಕೆ ಹುಟ್ಟಿಸುವ ಶಕ್ತಿಯೂ ಬಂದಿದೆ. ಇದನ್ನೆಲ್ಲ ಒಪ್ಪಬೇಕು.

ಆದರೂ ಎರಡು ಮಾತು ಹೇಳದೆ ವಿಧಿಯಿಲ್ಲ. ಮೊದಲನೆಯದು ಕಾಲದ ಮಾತು. ಚಿತ್ರದಲ್ಲಿ 1951ರಲ್ಲಿ ಚಿನ್ನ ಪತ್ತೆಯಾಗುತ್ತದೆ, ಅದೇ ವೇಳೆಗೆ ನಾಯಕ ಹುಟ್ಟುತ್ತಾನೆ. ವಾಸ್ತವದಲ್ಲಿ ಲಾವೆಲ್ ಎಂಬ ನಿವೃತ್ತ ಸೈನಿಕನಿಗೆ ಮೈಸೂರು ಸರಕಾರದಿಂದ ಅಲ್ಲಿ ಅಗೆಯುವ ಪರವಾನಗಿ ದೊರೆತದ್ದು 1875ರಲ್ಲಿ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. 1951ರ ಹೊತ್ತಿಗೆ ಅದು ಎಪ್ಪತ್ತು ವರ್ಷ ಹಳೆಯ ಊರು. ಅಜ್ಜ ಇಳಿದ ಶಾಫ್ಟಿಗೆ ಮೊಮ್ಮಗ ಇಳಿಯುತ್ತಿದ್ದ ಕಾಲ ಅದು. ಕಥೆಗಾಗಿ ವರ್ಷ ಬದಲಿಸಿದ್ದನ್ನು ಕ್ಷಮಿಸಬಹುದು. ಆದರೆ ಆ ಬದಲಾವಣೆಯಿಂದ ಮೂರು ತಲೆಮಾರುಗಳು ಬಾಳಿದ ಬದುಕು ಒಮ್ಮೆಗೇ ಮಾಯವಾಗುತ್ತದೆ.

ಎರಡನೆಯದು ಇನ್ನೂ ಮುಖ್ಯ. ನರಾಚಿಯ ಜನರೆಲ್ಲ ಜೀತದಾಳುಗಳು. ಅವರಿಗೆ ನೋವಿದೆ, ಬದುಕಿಲ್ಲ. ಹೊಡೆತ ತಿನ್ನುವುದಕ್ಕೂ, ಕೊನೆಗೆ ನಾಯಕನಿಗೆ ಜಯಕಾರ ಹಾಕುವುದಕ್ಕೂ ಅವರು ಬೇಕು. ಅಲ್ಲಿ ಒಲೆಯಿದ್ದರೆ ಅದು ಹೊಗೆಗಾಗಿ ಇದೆ, ಅಡಿಗೆಗಾಗಿ ಅಲ್ಲ. ನಿಜವಾದ ಕೆ.ಜಿ.ಎಫ್. ಕಾರ್ಮಿಕರು ತಮ್ಮನ್ನು ಬಿಡಿಸಲು ಯಾರೋ ಒಬ್ಬ ರಾಕಿ ಬರಲೆಂದು ಕಾದು ಕುಳಿತವರಲ್ಲ. 1930ರಲ್ಲಿ ತಮ್ಮೆಲ್ಲರ ಬೆರಳಚ್ಚು ತೆಗೆದು ದಾಖಲಿಸುವ ಏರ್ಪಾಟಾದಾಗ, ನಾವೇನು ಕಳ್ಳರೆ ಎಂದು ಅವರು ಮುಷ್ಕರ ಹೂಡಿದರು. ಜಾನಕಿ ನಾಯರ್ ಅವರು 1998ರಲ್ಲಿ ಪ್ರಕಟಿಸಿದ 'ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್' ಎಂಬ ಇಂಗ್ಲಿಷ್ ಗ್ರಂಥ, ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿಗಳ ದುಡಿಮೆಗಾರರನ್ನು ಈ ದೃಷ್ಟಿಯಿಂದ ನೋಡಿದ ಕೆಲವೇ ಕೃತಿಗಳಲ್ಲಿ ಒಂದು. ಚಿತ್ರ ನೋಡಿದವರಲ್ಲಿ ನೂರಕ್ಕೊಬ್ಬರು ಅದನ್ನು ಓದಿದರೂ ಸಾಕೆಂದು ಆಸೆಪಡಬೇಕಾಗಿದೆ.

ಚಿತ್ರವನ್ನಷ್ಟೇ ದೂರಿ ಪ್ರಯೋಜನವಿಲ್ಲ. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಕೆ.ಜಿ.ಎಫ್. ಚರಿತ್ರೆಯದೂ ಇದೇ ಜಾಡು. ಒಟ್ಟು 800 ಟನ್ನಿಗೂ ಮಿಕ್ಕ ಚಿನ್ನ, ಮೂರು ಕಿಲೋಮೀಟರಿಗೂ ಹೆಚ್ಚು ಆಳದ ಚಾಂಪಿಯನ್ ರೀಫ್ ಗಣಿ, 1902ರಲ್ಲಿ ಶಿವನಸಮುದ್ರದಿಂದ ತಂತಿಯ ಮೇಲೆ ಬಂದ ವಿದ್ಯುತ್ತು. ಬೆಂಗಳೂರಿನ ಬೀದಿಗಳೇ 1905ರವರೆಗೆ ಅದಕ್ಕಾಗಿ ಕಾಯಬೇಕಾಯಿತು. ನಮ್ಮ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು, ಜಪಾನ್ ಮತ್ತು ಇಂಗ್ಲೆಂಡಿನವರೊಡನೆ ಸೇರಿ, 1965ರಲ್ಲಿ ಆ ಗಣಿಯ 7,600 ಅಡಿ ಆಳದಲ್ಲಿ ವಾಯುಮಂಡಲದ ನ್ಯೂಟ್ರಿನೋ ಕಣಗಳನ್ನು ಗುರುತಿಸಿದರು. ಆ ತಂಡದಲ್ಲಿದ್ದ ಬಿ.ವಿ. ಶ್ರೀಕಂಠನ್ ನಮ್ಮ ನಂಜನಗೂಡಿನವರು. ಎಲ್ಲವೂ ಹೆಮ್ಮೆಯ ಸಂಗತಿಗಳೇ. ಆದರೆ ಇವು ಟನ್ನು, ಅಡಿ, ಮೊದಲನೆಯದು ಎಂಬ ಅಳತೆಗಳಲ್ಲೇ ನಿಲ್ಲುತ್ತವೆ. ಬಂಡೆಯ ಶಾಖ 60 ಡಿಗ್ರಿಗೂ ಮೀರುವ ಆಳದಲ್ಲಿ ದುಡಿದು ಬಂದವನು ವಾಸವಾಗಿದ್ದದ್ದು ಬಿದಿರು ತಟ್ಟಿಯ ಗುಡಿಸಿಲಿನಲ್ಲಿ, ಸಾಲುಸಾಲಾದ 'ಲೈನು'ಗಳಲ್ಲಿ ಎಂಬುದು ಆ ಚರಿತ್ರೆಯ ಅಡಿಟಿಪ್ಪಣಿಗೆ ಸರಿಯುತ್ತದೆ. ಬಂಗಲೆ, ಕ್ಲಬ್ಬು, ಹೂದೋಟಗಳಿದ್ದ ಭಾಗವನ್ನು 'ಪುಟ್ಟ ಇಂಗ್ಲೆಂಡ್' ಎಂದು ವರ್ಣಿಸುವ ಲೇಖನಗಳಿಗೆ ಮಾತ್ರ ಎಂದೂ ಬರವಿಲ್ಲ.

* * *

ಬೇರೆಯವರು ಇದನ್ನು ಹೇಗೆ ಮಾಡಿದ್ದಾರೆ? ಫ್ರೆಂಚ್ ಕಾದಂಬರಿಕಾರ ಎಮಿಲ್ ಜೋಲಾ 1884ರಲ್ಲಿ ಆಂಜಾನಿನ ಕಲ್ಲಿದ್ದಲು ಗಣಿಗಳಿಗೆ ಹೋಗಿ, ಕಣ್ಣಾರೆ ಕಂಡು, ಟಿಪ್ಪಣಿ ಮಾಡಿಕೊಂಡು ಬಂದು 'ಜರ್ಮಿನಾಲ್' ಬರೆದ. ಅದು 1885ರಲ್ಲಿ ಪುಸ್ತಕವಾಯಿತು. ಅದರ ಮುಷ್ಕರದ ಪ್ರಸಂಗಗಳು ಪ್ರಸಿದ್ಧವಾಗಿವೆ. ಆದರೆ ಓದಿದವರ ಮನಸ್ಸಿನಲ್ಲಿ ಉಳಿಯುವುದು ಹಳೆಯ ಕಾಫಿ ಚರಟಕ್ಕೇ ಮತ್ತೆ ನೀರು ಹಾಕಿ ಕಾಯಿಸುವ ಆ ಮನೆಯ ಬೆಳಗು, ಅಡಿಗೆಮನೆಯ ಒಂದೇ ತೊಟ್ಟಿಯಲ್ಲಿ ಒಬ್ಬರಾದ ಮೇಲೊಬ್ಬರು ಮಸಿ ತೊಳೆದುಕೊಳ್ಳುವ ಸಂಸಾರ. ಬಡತನವೆಂಬ ಪದವನ್ನು ಬಳಸದೆಯೇ ಲೇಖಕ ಅದನ್ನು ಅಳೆದು ತೋರಿಸಿದ್ದಾನೆ.

ನಮ್ಮ ಹಿಂದಿ ಚಿತ್ರರಂಗದ 'ಕಾಲಾ ಪತ್ಥರ್' 1979ರಲ್ಲಿ ಬಂತು. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಸ್ನಾಲಾ ಗಣಿಗೆ ನೀರು ನುಗ್ಗಿ 375 ಜನ ಸತ್ತ ದುರಂತ ಅದರ ಹಿನ್ನೆಲೆ. ಸಾವನ್ನು ಅದು ಚೆನ್ನಾಗಿ ತೋರಿಸಿತು; ಬದುಕಿಗೆ ಬಂದರೆ ಮೂವರು ನಾಯಕರ ಜಗಳ-ಗೆಳೆತನಗಳೇ ಹೆಚ್ಚಾದವು.

ಇವುಗಳ ನಡುವೆ 2024ರ ಆಗಸ್ಟಿನಲ್ಲಿ ಬಂದ ಪಾ. ರಂಜಿತ್ ಅವರ ತಮಿಳು ಚಿತ್ರ 'ತಂಗಲಾನ್' ವಿಶೇಷವಾಗಿ ಗಮನಿಸಬೇಕಾದದ್ದು. ಉತ್ತರ ಆರ್ಕಾಟಿನ ದಲಿತ ಕುಟುಂಬಗಳು ಬಿಳಿಯ ದೊರೆಯ ಮಾತು ನಂಬಿ ಚಿನ್ನದ ನೆಲಕ್ಕೆ ಹೊರಟ ಕಥೆ ಅದು. ಮಾಟ-ಮಾಯೆ ಅತಿಯಾಗಿ, ಉತ್ತರಾರ್ಧ ಗೋಜಲಾಗಿದೆ ಎಂಬ ಆಕ್ಷೇಪಣೆಯನ್ನು ನಾನೂ ಒಪ್ಪುತ್ತೇನೆ. ಆದರೆ ಅದರಲ್ಲಿ ಒಂದು ದೃಶ್ಯವಿದೆ. ದುಡಿದ ಸಂಪಾದನೆಯಿಂದ ಗಂಡಸರು ಮನೆಯ ಹೆಂಗಸರಿಗೆ ರವಿಕೆ ತಂದುಕೊಡುತ್ತಾರೆ. ಜೀವನದಲ್ಲಿ ಮೊದಲ ಸಲ ರವಿಕೆ ತೊಟ್ಟ ಆ ಹೆಂಗಸರ ನಾಚಿಕೆ, ನಗು, ಸಂಭ್ರಮಗಳು ತೆರೆಯನ್ನು ತುಂಬುತ್ತವೆ. ಊರು ಬಿಟ್ಟು ಅಪಾಯದ ಗಣಿಗೆ ಜನ ಏಕೆ ಹೋದರೆಂಬ ಪ್ರಶ್ನೆಗೆ ಆ ರವಿಕೆಯೇ ಅರ್ಧ ಉತ್ತರ. ಊರಿನಲ್ಲಿ ಜಾತಿ ಕೊಡದ ಮಾನವನ್ನು ಗಣಿಯ ಕೂಲಿ ಕೊಂಡು ತಂದಿತು. ಎರಡು ಭಾಗಗಳ 'ಕೆ.ಜಿ.ಎಫ್.'ನಲ್ಲಿ ಸಿಡಿದ ಗುಂಡುಗಳೆಲ್ಲ ಸೇರಿದರೂ ಇಷ್ಟನ್ನು ಹೇಳಲಾರವು.

* * *

ಚಿತ್ರಗಾರರೂ ಕಾದಂಬರಿಕಾರರೂ ಕಲ್ಪಿಸಿಕೊಳ್ಳಬಲ್ಲರು. ಪ್ರಮಾಣ ಬೇಕೆನ್ನುವವರು ಏನು ಮಾಡಬೇಕು? ಬಡವರ ಮನೆಯವರು ದಿನಚರಿ ಬರೆದಿಟ್ಟಿರುವುದಿಲ್ಲ. ಇಲ್ಲಿ ನೆರವಿಗೆ ಬರುವುದು ಪುರಾತತ್ತ್ವ. ಪುರಾತತ್ತ್ವವೆಂದರೆ ಹಂಪಿ, ಬಾದಾಮಿ, ಹರಪ್ಪಗಳೆಂದೇ ನಾವು ತಿಳಿದಿದ್ದೇವೆ. ನೂರು ವರ್ಷದ ಹಿಂದಿನ ಕೂಲಿಕಾರರ ತಿಪ್ಪೆಯನ್ನು ಅಗೆದು ಓದುವುದೂ ಪುರಾತತ್ತ್ವವೇ ಎಂದರೆ ಆಶ್ಚರ್ಯವಾದೀತು.

ಅಮೆರಿಕದ ಕೊಲರಾಡೋ ಪ್ರಾಂತದ ಲಡ್ಲೋ ಎಂಬಲ್ಲಿ ಹಾಗೆ ಮಾಡಿದರು. 1913ರಲ್ಲಿ ಅಲ್ಲಿಯ ಕಲ್ಲಿದ್ದಲು ಕಾರ್ಮಿಕರು ಮುಷ್ಕರ ಹೂಡಿದಾಗ ಕಂಪನಿಯ ಮನೆಗಳಿಂದ ಅವರನ್ನು ಹೊರಹಾಕಲಾಯಿತು. ಸುಮಾರು 1,200 ಜನ ಬಯಲಿನಲ್ಲಿ ಡೇರೆ ಹೂಡಿದರು. ಇಟಲಿ, ಗ್ರೀಸ್, ಮೆಕ್ಸಿಕೋ ಮೊದಲಾಗಿ ಹಲವು ನಾಡುಗಳ, ಹಲವು ಭಾಷೆಗಳ ಸಂಸಾರಗಳು ಚಳಿಗಾಲವಿಡೀ ಅಲ್ಲೇ ಕಳೆದವು. 1914ರ ಏಪ್ರಿಲ್ 20ರಂದು ಸೈನಿಕರು ಗುಂಡು ಹಾರಿಸಿದರು, ಡೇರೆಗಳು ಸುಟ್ಟುಹೋದವು. ಒಂದು ಡೇರೆಯ ಕೆಳಗೆ ತೋಡಿದ್ದ ನೆಲಮಾಳಿಗೆಯಲ್ಲಿ ಅಡಗಿದ್ದ ಇಬ್ಬರು ಹೆಂಗಸರು ಮತ್ತು ಹನ್ನೊಂದು ಮಕ್ಕಳು ಉಸಿರುಕಟ್ಟಿ ಸತ್ತರು.

1997ರಿಂದ ರಾಂಡಲ್ ಮೆಗ್ವಾಯರ್, ಡೀನ್ ಸೈಟಾ, ಫಿಲಿಪ್ ಡ್ಯೂಕ್ ಎಂಬ ವಿದ್ವಾಂಸರ ತಂಡ ಅಲ್ಲಿ ಉತ್ಖನನ ಮಾಡಿತು. ಸಿಕ್ಕಿದ್ದು ಡೇರೆಯ ಗೂಟ, ಗುಂಡಿ, ಔಷಧದ ಸೀಸೆ, ತಿಂಡಿಯ ಡಬ್ಬಿ, ಮಕ್ಕಳ ಆಟಿಕೆ. ಇದರ ಜೊತೆಗೆ ಹತ್ತಿರದ ಬರ್ವಿಂಡ್ ಎಂಬ ಕಂಪನಿ ಊರಿನ ತಿಪ್ಪೆಗಳನ್ನೂ ಅವರು ಅಗೆದರು, ಮುಷ್ಕರಕ್ಕೆ ಮೊದಲಿನದು ಬೇರೆ, ಆಮೇಲಿನದು ಬೇರೆ. ಮೊದಲಿನ ತಿಪ್ಪೆಯಲ್ಲಿ ದೊಡ್ಡ ದೊಡ್ಡ ಡಬ್ಬಿಗಳು, ಬಡಿಸುವ ಪಾತ್ರೆಗಳು. ಎಂದರೆ ಆ ಮನೆಯ ಹೆಂಗಸರು ಒಂಟಿ ಕೆಲಸಗಾರರಿಗೆ ಊಟ-ವಸತಿ ಕೊಟ್ಟು ನಾಲ್ಕು ಕಾಸು ಸಂಪಾದಿಸುತ್ತಿದ್ದರು. ಮುಷ್ಕರದ ಅನಂತರ ಕಂಪನಿ ಸುಧಾರಣೆಯ ಹೆಸರಿನಲ್ಲಿ ಇದಕ್ಕೆ ತಡೆ ಹಾಕಿತು. ಕೂಲಿ ಹೆಚ್ಚಲಿಲ್ಲ, ಹೆಂಗಸರ ಸಂಪಾದನೆ ಹೋಯಿತು. ಆಮೇಲಿನ ತಿಪ್ಪೆಯಲ್ಲಿ ಅಂಗಡಿಯ ಡಬ್ಬಿಗಳು ಕಡಿಮೆಯಾಗಿ, ಹಣ್ಣು-ತರಕಾರಿಗಳನ್ನು ಮನೆಯಲ್ಲೇ ಕೆಡದಂತೆ ಕಟ್ಟಿಡುವ ಗಾಜಿನ ಭರಣಿಗಳ ಚೂರುಗಳು, ಮುಚ್ಚಳಗಳು ಹೆಚ್ಚುತ್ತವೆ. ಕಂಪನಿಯ ಕಾಗದಪತ್ರಗಳು ಸುಧಾರಣೆಯೆಂದು ಕರೆದದ್ದನ್ನು, ತಿಪ್ಪೆ ಹೆಂಗಸರ ಹೊಸ ದುಡಿಮೆಯೆಂದು ಬರೆದಿಟ್ಟಿತ್ತು.

ಮುಂಬಯಿಯ ಗಿರಣಗಾವನ್ನು ಬಲ್ಲವರಿಗೆ ಈ ಕಥೆ ಪರಕೀಯವೆನಿಸದು. ಲಾಲಬಾಗ-ಪರಳಗಳ ಖಾನಾವಳಿ ಬಾಯಿಯವರು ಗಿರಣಿಯ ಒಂಟಿ ಗಂಡಸರಿಗೆ ಉಣಬಡಿಸಿಯೇ ಸಂಸಾರ ತೂಗಿಸಿದರು. ಪ್ರೇಮಾ ಪುರಾವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ್ದು ಇಂಥವರಿಗಾಗಿಯೇ. ಒಂದು ಅಲ್ಯೂಮಿನಿಯಂ ಡಬ್ಬಿಯ ಅಳತೆಯಲ್ಲಿ ಒಂದು ಮನೆಯ ಜಮಾಖರ್ಚು ಅಡಗಿರುತ್ತದೆಂಬುದನ್ನು ಲಡ್ಲೋದವರು ನಮಗೆ ಕಲಿಸಬೇಕಾಗಿಲ್ಲ. ಆದರೆ ಅದನ್ನು ಓದಬಹುದೆಂದು ಅವರು ತೋರಿಸಿಕೊಟ್ಟರು.

ಕನ್ನಡ ನಾಡಿನಲ್ಲೂ ಇಂಥ ಕುರುಹುಗಳಿಗೆ ಕೊರತೆಯಿಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ. ಅಲ್ಲಿಯ ಪ್ರಾಚೀನ ಗಣಿ 640 ಅಡಿ ಆಳಕ್ಕೆ ಇಳಿದಿತ್ತೆಂದೂ, ಅದರೊಳಗಿನ ಮರದ ತುಂಡುಗಳು ಸುಮಾರು ಎರಡು ಸಾವಿರ ವರ್ಷ ಹಳೆಯವೆಂದೂ ವಿದ್ವಾಂಸರು ಗುರುತಿಸಿದ್ದಾರೆ. ಆ ಸೀಮೆಯ ಬಂಡೆಗಳ ಮೇಲೆ ಅದಿರು ಕುಟ್ಟಿ ಕುಟ್ಟಿ ಆದ ಗುಳಿಗಳಿವೆ. ಅಲ್ಲಿಗೆ ಸಮೀಪದ ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನಿಗೆ ಅಶೋಕನ ಹೆಸರುಳ್ಳ ಶಾಸನ ಸಿಕ್ಕಿತು. ಅಂದಿನಿಂದ ಅರಸನ ಅಕ್ಷರ ಪಠ್ಯಪುಸ್ತಕ ಸೇರಿತು. ಕುಟ್ಟಿದ ಕೈಗಳ ಗುಳಿ ಸೇರಲಿಲ್ಲ.

* * *

ಈಗ ಕೋಲಾರಕ್ಕೆ ಮರಳೋಣ. ಗಣಿ ಮುಚ್ಚಿದರೂ ಸೈನೈಡ್ ದಿಬ್ಬಗಳು ನಿಂತಿವೆ. 2024ರ ಜೂನಿನಲ್ಲಿ ಕರ್ನಾಟಕದ ಸಚಿವ ಸಂಪುಟ ಅಂಥ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅವುಗಳಲ್ಲಿ ಸುಮಾರು 3 ಕೋಟಿ 30 ಲಕ್ಷ ಟನ್ ಪುಡಿ ಇದೆಯೆಂದು ಲೆಕ್ಕ. ಒಳ್ಳೆಯದು, ಉದ್ಯೋಗ ಬಂದರೆ ಸಂತೋಷವೇ. ಆದರೆ ಗಮನಿಸಿ: ಕಂಪನಿ ಎಸೆದ ಕಸವನ್ನು ಒಂದು ಗ್ರಾಮು ಬಿಡದೆ ತೂಗಿದ್ದೇವೆ. ಲೈನುಗಳ ಹಿಂದೆ ಜನ ಎಸೆದ ಕಸವನ್ನು, ಒಡೆದ ಬಟ್ಟಲು, ತೂತಾದ ಊಟದ ಡಬ್ಬಿ, ಮಕ್ಕಳ ಸ್ಲೇಟಿನ ಚೂರುಗಳನ್ನು ತೂಗುವ ತಕ್ಕಡಿ ನಮ್ಮಲ್ಲಿಲ್ಲ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಹೇಳಲು ಸ್ವಲ್ಪ ಮುಜುಗರ. ಆ ಲೈನುಗಳ ಮನೆಮಾತು ಬಹುಪಾಲು ತಮಿಳು, ಕೆಲವೆಡೆ ತೆಲುಗು. ಕೆ.ಜಿ.ಎಫ್.ನ ಚಿನ್ನ ನಮ್ಮದೆನ್ನುವಾಗ ಎದೆಯುಬ್ಬಿಸುವ ನಾವು, ಅಲ್ಲಿಯ ಜನರ ಮಾತು ಬಂದೊಡನೆ "ಅವರು ಹೊರಗಿನವರು" ಎಂದು ಬಿಡುತ್ತೇವೆ. ಐದು ತಲೆಮಾರು ಒಂದು ನೆಲವನ್ನು ಅಗೆದವರು ಹೊರಗಿನವರಾದರೆ, ಠಾಣೆ-ಡೊಂಬಿವಲಿಗಳಲ್ಲಿ ಮನೆ ಮಾಡಿ, ಮಕ್ಕಳನ್ನು ಇಲ್ಲಿಯ ಶಾಲೆಗೆ ಹಾಕಿ, ಮನೆಯೊಳಗೆ ಮಾತ್ರ ಕನ್ನಡವಾಡುವ ನಾವು ಯಾರು? ಗಣಿ ಮುಚ್ಚಿದ ಮೇಲೆ ಆ ಊರಿನ ಸಾವಿರಾರು ಜನ ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ಗಾಡಿಯಲ್ಲಿ ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಬಾಗಿಲಿಗೆ ಜೋತುಬಿದ್ದು ಹೋಗುವ ಆ ಬದುಕು ಡೊಂಬಿವಲಿಯವರಿಗೆ ವಿವರಿಸಿ ಹೇಳಬೇಕಾದ್ದಲ್ಲ. ಕನ್ನಡಿಗರಲ್ಲಿ ಅವರನ್ನು ಎಲ್ಲರಿಗಿಂತ ಮೊದಲು ಅರ್ಥ ಮಾಡಿಕೊಳ್ಳಬೇಕಾದವರು ನಾವೇ.

* * *

ಕೋಲಾರ ದೂರವೆನ್ನುವವರು ಠಾಕುರ್ಲಿಗೆ ಹೋಗಿ ಬರಬಹುದು. ಚೋಳಾ ಪವರ್ ಹೌಸಿನ ಹೆಸರನ್ನು ಹಳಬರು ಕೇಳಿದ್ದಾರೆ. ಜಿ.ಐ.ಪಿ. ರೈಲ್ವೆಯವರು ವಿದ್ಯುತ್ ಗಾಡಿಗಳಿಗಾಗಿ ಕಟ್ಟಿದ ಅದು ದೂರದ ಗಣಿಗಳ ಕಲ್ಲಿದ್ದಲನ್ನು ಉರಿಸಿ ನಡೆಯುತ್ತಿತ್ತು. 1980ರ ದಶಕದಲ್ಲಿ ನಿಂತಿತು. ನಮ್ಮ ತಂದೆ-ತಾತಂದಿರನ್ನು ದಿನವೂ ಮುಂಬಯಿಗೆ ಒಯ್ದ ಲೋಕಲ್ ಗಾಡಿಯ ಹಿಂದೆ ಯಾವುದೋ ಗಣಿ ಕಾರ್ಮಿಕನ ಬೆವರಿತ್ತು, ಇಲ್ಲಿ ಕಲ್ಲಿದ್ದಲು ಸುರಿದವನ ಮಸಿ ಬಳಿದ ಕೈಯಿತ್ತು. ಅಂಥವರು ವಾಸವಾಗಿದ್ದ ಬಾವನ್ ಚಾಳಿನಂಥ ರೈಲ್ವೆ ವಸತಿಗಳ ಬಗ್ಗೆ, ಕಲ್ಯಾಣದ ಬಳಿ ಮೋಹನೆಯಲ್ಲಿ 2009ರಲ್ಲಿ ಬಾಗಿಲು ಮುಚ್ಚಿದ ಎನ್.ಆರ್.ಸಿ. ಕಾರ್ಖಾನೆಯ ಕಾಲೊನಿಯ ಬಗ್ಗೆ ಬರೆಯುವವರು ಯಾರು? ಠಾಣೆ-ಬೇಲಾಪುರ ರಸ್ತೆಯ ಎಷ್ಟೋ ಕಾರ್ಖಾನೆಗಳ ಜಾಗದಲ್ಲಿ ಇಂದು ಗಾಜಿನ ಕಟ್ಟಡಗಳಿವೆ.

ಕೊನೆಗೆ ನಮ್ಮ ಸಂಘಗಳ ಮಾತು. ಬೆಳ್ಳಿಹಬ್ಬ, ಚಿನ್ನದ ಹಬ್ಬಗಳಿಗೆ ನಾವು ಹೊರತರುವ ಸ್ಮರಣ ಸಂಚಿಕೆಗಳನ್ನು ತೆರೆದು ನೋಡಿ. ಅಧ್ಯಕ್ಷರ ಭಾವಚಿತ್ರವಿದೆ, ದೀಪ ಬೆಳಗಿಸಿದ ಅತಿಥಿಗಳಿದ್ದಾರೆ, ಹಾರ-ತುರಾಯಿಗಳಿವೆ. ಹೋಟೆಲಿನಲ್ಲಿ ಬಟ್ಟಲು ತೊಳೆದು ಹಾಗೆಯೇ ರಾತ್ರಿ ಶಾಲೆಗೆ ಓಡಿದ ಹುಡುಗ ಎಲ್ಲಿ ಮಲಗುತ್ತಿದ್ದ? ಹತ್ತಡಿ ಖೋಲಿಯಲ್ಲಿ ಊರಿನಿಂದ ಬಂದವರಿಗೆಲ್ಲ ಅನ್ನ ಹಾಕಿದ ತಾಯಿ ಎಷ್ಟು ಸೇರು ಅಕ್ಕಿ ಬೇಯಿಸುತ್ತಿದ್ದಳು, ಸೀಮೆಎಣ್ಣೆಗೆ ಎಷ್ಟು ಹೊತ್ತು ಸರದಿಯಲ್ಲಿ ನಿಲ್ಲುತ್ತಿದ್ದಳು? 'ಕೆ.ಜಿ.ಎಫ್.' ಚಿತ್ರದ ಮೇಲೆ ಹಾಕಿದ ಆಕ್ಷೇಪಣೆಯನ್ನು ನಮ್ಮ ಸಂಚಿಕೆಗಳ ಮೇಲೂ ಹಾಕಲೇಬೇಕಾಗುತ್ತದೆ. ಅವೂ ಚಿನ್ನವನ್ನೇ ತೋರಿಸಿವೆ, ಒಲೆಯನ್ನು ತೋರಿಸಿಲ್ಲ.

ಇದಕ್ಕೆ ಉತ್ಖನನ ಬೇಕಿಲ್ಲ, ಸರಕಾರದ ಅನುದಾನವೂ ಬೇಕಿಲ್ಲ. ಹಳೆಯ ಮನೆ ಪುನರ್ನಿರ್ಮಾಣಕ್ಕೆ ಹೋಗುವ ಮುನ್ನ ಅಟ್ಟದ ಮೇಲಿನ ಪಾತ್ರೆ-ಪಗಡಿಗಳನ್ನು ಭಂಗಾರದವನಿಗೆ ತೂಗಿ ಕೊಡುವಾಗ, ಒಂದು ಗಳಿಗೆ ನಿಂತು ಇದು ಯಾರದು, ಯಾವ ಖೋಲಿಯದು, ಎಷ್ಟು ಜನರ ಅನ್ನ ಬೇಯಿಸಿದ್ದು ಎಂದು ಮನೆಯ ಹಿರಿಯರನ್ನು ಕೇಳಿ, ಒಂದು ಕಾಗದದ ಮೇಲೆ ಬರೆದಿಟ್ಟರೆ ಸಾಕು. ಅಂಥ ಹತ್ತು ಕಾಗದಗಳು ಈ ಮಾಸಿಕಕ್ಕೆ ಬಂದರೆ, ಮುಂದಿನ ಸ್ಮರಣ ಸಂಚಿಕೆಯಲ್ಲಿ ಹಾರ-ತುರಾಯಿಗಳಿಗೆ ಒಂದೆರಡು ಪುಟ ಕಡಿಮೆಯಾದರೂ ಯಾರೂ ಬೇಸರಪಡಲಾರರು.

ಆಗ ಲೋಕಲ್ ಗಾಡಿಯ ಆ ಸಹಪ್ರಯಾಣಿಕನಿಗೂ ಉತ್ತರ ಕೊಡಬಹುದು. ಚಿನ್ನ ಇತ್ತು, ಈಗ ಆ ಗಣಿ ಮುಚ್ಚಿದೆ; ತೆಗೆದವರ ಮಕ್ಕಳು ನಮ್ಮ ಹಾಗೆಯೇ ಬೆಳಗಿನ ಗಾಡಿ ಹಿಡಿದು ದುಡಿಯಲು ಹೋಗುತ್ತಾರೆ ಎಂದು.